ಕಿಡ್ನಿ, ರಕ್ತನಾಳ ಕಾಯುವ ಔಷಧಿಗಳ ಲ್ಯಾಬ್ ಸಂಶೋಧನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದಲ್ಲಿ ಫಾರ್ಮಸಿ ವಿದ್ಯಾರ್ಥಿಗಳಿಗೆ ಫಾರ್ಮಕಾಲಜಿ, ಅಂದರೆ ಔಷಧಿ ಮೈಯಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬ ಶಾಸ್ತ್ರ ಕಲಿಸುವುದು ನನ್ನ ಕೆಲಸ. ಕಿಡ್ನಿ, ರಕ್ತನಾಳ ಕಾಪಾಡುವ ಗಿಡಮೂಲಿಕೆ ಮತ್ತು ರಾಸಾಯನಿಕಗಳ ಮೇಲಿನ ಪ್ರಯೋಗ ನಮ್ಮ ಪಾಠದ ಭಾಗ. ಇಂಥ ಪ್ರಯೋಗದ ಸುದ್ದಿ ಹೊರಗೆ ಹೋದ ಕೂಡಲೇ ಫೋನ್ ಬರುತ್ತದೆ. "ಹಂಗಾರ ನಮ್ಮಪ್ಪಗ ಅದನ್ನ ಕೊಡಬಹುದೇನ್ರೀ ಸರ್?" ಅನ್ನುವುದೇ ಮೊದಲ ಪ್ರಶ್ನೆ. ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಜನ ಮತ್ತೆ ಮತ್ತೆ ಕೇಳುವುದನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ರೋಗಿಗಳನ್ನು ನೋಡುವ ಡಾಕ್ಟರ್ ಅಲ್ಲ. ಮಾತ್ರೆ ಶುರು ಮಾಡುವ, ಬಿಡುವ ಮಾತು ಬಂದರೆ ನಿಮ್ಮ ಡಾಕ್ಟರನ್ನೇ ಕೇಳಬೇಕು.

ಕಿಡ್ನಿಗೂ ರಕ್ತನಾಳಕ್ಕೂ ಏನು ಸಂಬಂಧ? ಎರಡನ್ನೂ ಒಟ್ಟಿಗೆ ಯಾಕೆ ಹೇಳುತ್ತೀರಿ?

ಕಿಡ್ನಿ ಅಂದರೆ ಬಹುಪಾಲು ರಕ್ತನಾಳಗಳೇ. ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಸಣ್ಣ ಸೋಸುವ ಘಟಕಗಳಿವೆ. ಪ್ರತಿ ಘಟಕದ ಬಾಯಲ್ಲೂ ಕೂದಲಿಗಿಂತ ತೆಳ್ಳಗಿನ ರಕ್ತನಾಳಗಳ ಒಂದು ಗೊಂಚಲು. ಹೃದಯ ಹೊರಗೆ ತಳ್ಳುವ ರಕ್ತದಲ್ಲಿ ಐದನೇ ಒಂದು ಪಾಲು ಈ ಎರಡು ಕಿಡ್ನಿಗಳಿಗೇ ಹೋಗುತ್ತದೆ. ದಿನಕ್ಕೆ ಸುಮಾರು 180 ಲೀಟರ್ ನೀರು ಸೋಸಿ, ಅದರಲ್ಲಿ ಒಂದೂವರೆ ಲೀಟರ್ ಮಾತ್ರ ಮೂತ್ರವಾಗಿ ಹೊರಗೆ ಬಿಡುತ್ತದೆ. ಉಳಿದದ್ದನ್ನು ವಾಪಸ್ ರಕ್ತಕ್ಕೆ ಕೊಡುತ್ತದೆ.

ಶುಗರ್, ಬಿಪಿ ಎರಡೂ ರಕ್ತನಾಳದ ಒಳಪದರವನ್ನು ಕೆಡಿಸುತ್ತವೆ. ಕಣ್ಣಿನಲ್ಲಿ ಕೆಟ್ಟರೆ ದೃಷ್ಟಿ ಹೋಗುತ್ತದೆ, ಹೃದಯದಲ್ಲಿ ಕೆಟ್ಟರೆ ಹಾರ್ಟ್ ಅಟ್ಯಾಕ್, ಕಿಡ್ನಿಯಲ್ಲಿ ಕೆಟ್ಟರೆ ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ಸೋರತೊಡಗುತ್ತದೆ. ಹಾಗಾಗಿ ಒಂದನ್ನು ಕಾಯುವ ಔಷಧಿ ಎಷ್ಟೋ ಸಲ ಇನ್ನೊಂದನ್ನೂ ಕಾಯುತ್ತದೆ.

ಕಿಡ್ನಿ ರಕ್ಷಕ ಅಂದರೆ ಕೆಟ್ಟ ಕಿಡ್ನಿಯನ್ನು ಸರಿ ಮಾಡುವ ಔಷಧಿನಾ?

ಅಲ್ಲ. ಮುಂದೆ ಆಗುವ ಹಾನಿಯನ್ನು ತಡೆಯುವುದು ಅಥವಾ ನಿಧಾನ ಮಾಡುವುದು ಅಷ್ಟೇ. ಸತ್ತು ಗಾಯದ ಕಲೆಯಾಗಿ ಹೋದ ಘಟಕ ಮತ್ತೆ ಹುಟ್ಟುವುದಿಲ್ಲ. "ಕಿಡ್ನಿ ಮೊದಲಿನ ಹಾಗೆ ಮಾಡಿಕೊಡ್ತೀವಿ" ಅಂತ ಯಾರಾದರೂ ಪುಡಿ ಮಾರಿದರೆ ಅಲ್ಲಿಂದ ಎದ್ದು ಬನ್ನಿ.

ಲ್ಯಾಬಿನಲ್ಲಿ ನಿಜಕ್ಕೂ ಏನು ಮಾಡುತ್ತಾರೆ?

ರಕ್ತನಾಳದ ಪ್ರಯೋಗ ನನಗೆ ತುಂಬ ಇಷ್ಟವಾದದ್ದು, ಅದನ್ನೇ ಹೇಳುತ್ತೇನೆ. ಇಲಿಯ ಎದೆಯೊಳಗಿನ ದೊಡ್ಡ ರಕ್ತನಾಳ ಅಯೋರ್ಟಾವನ್ನು ತೆಗೆದು, ಸುತ್ತಲಿನ ಕೊಬ್ಬು ಬಿಡಿಸಿ, ಎರಡು ಮೂರು ಮಿಲಿಮೀಟರ್ ಅಗಲದ ಉಂಗುರಗಳಾಗಿ ಕತ್ತರಿಸುತ್ತೇವೆ. ಉಂಗುರವನ್ನು ಎರಡು ಸಣ್ಣ ತಂತಿ ಕೊಕ್ಕೆಗಳ ನಡುವೆ ಸಿಕ್ಕಿಸಿ, ಗಾಜಿನ ಪಾತ್ರೆಯಲ್ಲಿ ಉಪ್ಪು, ಸಕ್ಕರೆ ಇರುವ ದ್ರಾವಣದಲ್ಲಿ ಮುಳುಗಿಸುತ್ತೇವೆ. ದ್ರಾವಣ 37 ಡಿಗ್ರಿ ಬೆಚ್ಚಗಿರಬೇಕು. ಕೆಳಗಿನಿಂದ ಆಕ್ಸಿಜನ್ ಗುಳ್ಳೆ ಬರುತ್ತಿರಬೇಕು. ದೇಹದ ಹೊರಗಿದ್ದರೂ ಆ ಉಂಗುರ ಗಂಟೆಗಟ್ಟಲೆ ಜೀವಂತ ಇರುತ್ತದೆ.

ಮೊದಲು ಫಿನೈಲೆಫ್ರಿನ್ ಹಾಕಿದರೆ ಉಂಗುರ ಬಿಗಿಯಾಗುತ್ತದೆ, ಆ ಬಿಗಿತ ತೋರಿಸುವ ಪರದೆ ಮೇಲಿನ ಗೆರೆ ಮೇಲೇರುತ್ತದೆ. ಆಮೇಲೆ ಅಸಿಟೈಲ್‌ಕೋಲಿನ್ ಹಾಕಿದರೆ ಗೆರೆ ಇಳಿಯುತ್ತದೆ, ಅಂದರೆ ರಕ್ತನಾಳ ಸಡಿಲವಾಯಿತು. ಆದರೆ ಒಳಪದರವನ್ನು ಮೊದಲೇ ಉಜ್ಜಿ ತೆಗೆದಿದ್ದರೆ ಗೆರೆ ಇಳಿಯುವುದೇ ಇಲ್ಲ. 1980ರಲ್ಲಿ ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಮೊಲದ ಅಯೋರ್ಟಾದಲ್ಲಿ ತೋರಿಸಿದ್ದು ಇದನ್ನೇ. ಒಳಪದರ ಏನೋ ಒಂದನ್ನು ಬಿಡುತ್ತದೆ, ಅದರಿಂದಲೇ ರಕ್ತನಾಳ ಸಡಿಲವಾಗುತ್ತದೆ ಅಂತ. ಆ "ಏನೋ ಒಂದು" ನೈಟ್ರಿಕ್ ಆಕ್ಸೈಡ್ ಅನಿಲ ಅಂತ ಆಮೇಲೆ ಗೊತ್ತಾಯಿತು. ಅದಕ್ಕೆ 1998ರಲ್ಲಿ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಮೂವರಿಗೆ ನೊಬೆಲ್ ಬಂತು. ಮೊದಲ ಸಲ ಈ ಗೆರೆ ಇಳಿಯುವುದನ್ನು ನೋಡುವ ವಿದ್ಯಾರ್ಥಿ ಬಿಪಿಯ ಪಾಠ ಮರೆಯುವುದಿಲ್ಲ.

ಶುಗರ್ ಬಂದ ಇಲಿಯ ಉಂಗುರ ಸರಿಯಾಗಿ ಸಡಿಲವಾಗುವುದಿಲ್ಲ. ಅದಕ್ಕೆ ಕೆಲವು ವಾರ ಒಂದು ಗಿಡದ ಸಾರ ಕೊಟ್ಟ ಮೇಲೆ ಸಡಿಲವಾದರೆ, ಆ ಸಾರದಲ್ಲಿ ನೋಡಬೇಕಾದದ್ದು ಏನೋ ಇದೆ ಅಂತ ಅರ್ಥ. ಅಲ್ಲಿಂದ ಕೆಲಸ ಶುರು, ಮುಗಿದಂತೆ ಅಲ್ಲ.

ಕಿಡ್ನಿಯ ಪ್ರಯೋಗ ಬೇರೆ ಥರ. ಇಲಿಯನ್ನು ಮೆಟಬಾಲಿಕ್ ಪಂಜರದಲ್ಲಿಟ್ಟು ಇಡೀ ದಿನದ ಮೂತ್ರ ಹಿಡಿಯುತ್ತಾರೆ. ಕಿಡ್ನಿ ಹೊರಹಾಕಬೇಕಾದ ಕಸಗಳಾದ ಕ್ರಿಯಾಟಿನಿನ್, ಯೂರಿಯಾ ರಕ್ತದಲ್ಲಿ ಎಷ್ಟಿವೆ ಅಂತ ಅಳೆಯುತ್ತಾರೆ. ಕೊನೆಗೆ ಕಿಡ್ನಿಯ ತೆಳು ಪದರ ಕತ್ತರಿಸಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ.

ಇಲಿಗೆ ಕಿಡ್ನಿ ಕಾಯಿಲೆ ಬರುವುದು ಹೇಗೆ?

ನಾವೇ ಬರಿಸಬೇಕು. ಸ್ಟ್ರೆಪ್ಟೊಜೊಟೋಸಿನ್ ಕೊಟ್ಟರೆ ಇನ್ಸುಲಿನ್ ಮಾಡುವ ಕೋಶಗಳು ಸಾಯುತ್ತವೆ, ಶುಗರ್ ಬರುತ್ತದೆ, ವಾರಗಳ ನಂತರ ಕಿಡ್ನಿಗೆ ಪೆಟ್ಟು ಬೀಳುತ್ತದೆ. ಜೆಂಟಾಮೈಸಿನ್ ಆಂಟಿಬಯಾಟಿಕ್ ಅಥವಾ ಕ್ಯಾನ್ಸರ್ ಔಷಧಿ ಸಿಸ್ಪ್ಲಾಟಿನ್ ಜಾಸ್ತಿ ಪ್ರಮಾಣದಲ್ಲಿ ಕೊಟ್ಟರೆ ಕೆಲವೇ ದಿನಗಳಲ್ಲಿ ಕಿಡ್ನಿ ಕೆಡುತ್ತದೆ. ಕಡಿಮೆ ಖರ್ಚು, ಬೇಗ ಫಲಿತಾಂಶ. ಅದಕ್ಕೇ ಕಾಲೇಜುಗಳಲ್ಲಿ ಈ ಎರಡನೆಯದೇ ಹೆಚ್ಚು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಇಂಥ ಎಷ್ಟೋ ಪ್ರಯೋಗಗಳಲ್ಲಿ ಗಿಡದ ಸಾರವನ್ನು ವಿಷ ಕೊಡುವ ಮೊದಲೇ ಅಥವಾ ವಿಷದ ಜೊತೆಗೇ ಕೊಟ್ಟಿರುತ್ತಾರೆ. ನಮ್ಮ ರೋಗಿ ಬರುವುದು ಹತ್ತು ವರ್ಷ ಶುಗರ್ ಇದ್ದು, ಕಾಲು ಊದಿಕೊಂಡ ಮೇಲೆ. ಎರಡೂ ಒಂದೇ ಅಲ್ಲ.

ಇಲಿಗಳಿಗೆ ಹಿಂಸೆ ಅಲ್ವಾ ಅದು?

ನೋವು ಇದೆ, ಇಲ್ಲ ಅಂತ ಹೇಳುವುದಿಲ್ಲ. ಅದಕ್ಕೇ ಕಾನೂನು ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಕೇಂದ್ರ ಸಮಿತಿ ಇದೆ, ಪ್ರತಿ ಸಂಸ್ಥೆಯಲ್ಲೂ ಪ್ರಾಣಿ ನೈತಿಕ ಸಮಿತಿ ಇರಬೇಕು. ಎಷ್ಟು ಇಲಿ, ಯಾಕೆ ಅಷ್ಟೇ, ನೋವು ಕಡಿಮೆ ಮಾಡಲು ಏನು ಮಾಡುತ್ತೀರಿ ಎಂಬುದಕ್ಕೆ ಮೊದಲೇ ಉತ್ತರ ಕೊಟ್ಟು ಒಪ್ಪಿಗೆ ಪಡೆಯಬೇಕು. 2023ರಲ್ಲಿ ನಮ್ಮ ದೇಶದ ಔಷಧಿ ನಿಯಮಗಳಿಗೆ ತಿದ್ದುಪಡಿ ತಂದು, ಮನುಷ್ಯರ ಕೋಶಗಳಿಂದ ಬೆಳೆಸಿದ ಪುಟ್ಟ ಅಂಗ, ಚಿಪ್ ಮೇಲಿನ ಅಂಗಗಳಂಥ ಪ್ರಾಣಿರಹಿತ ವಿಧಾನಗಳಿಗೂ ದಾರಿ ಮಾಡಿಕೊಟ್ಟರು. ರಕ್ತನಾಳದ ಒಳಪದರದ ಕೋಶಗಳನ್ನಂತೂ ಹೆರಿಗೆಯಾದ ಮೇಲೆ ಬಿಸಾಡುವ ಹೊಕ್ಕುಳಬಳ್ಳಿಯಿಂದಲೇ ಬೆಳೆಸಬಹುದು. ಒಂದೇ ಗಿಡದ ಮೇಲೆ ಈಗಾಗಲೇ ಹತ್ತು ಕಡೆ ಆದ ಪ್ರಯೋಗವನ್ನು ಮಾರ್ಕ್ಸಿಗಾಗಿ ಹನ್ನೊಂದನೇ ಸಲ ಮಾಡುವುದನ್ನು ನಾನು ಒಪ್ಪುವುದಿಲ್ಲ.

ಇಲಿಯಲ್ಲಿ ಕೆಲಸ ಮಾಡಿದ್ದು ಮನುಷ್ಯರಲ್ಲೂ ಕೆಲಸ ಮಾಡುತ್ತದೆ ಅಲ್ವಾ?

ಮಾಡಬಹುದು, ಮಾಡದೆಯೂ ಇರಬಹುದು. ಒಂದೊಂದು ಪ್ರಾಣಿಯ ಕಿಡ್ನಿ ಒಂದೊಂದು ಥರ. ಇದಕ್ಕೆ ರಣಹದ್ದುಗಳಿಗಿಂತ ದೊಡ್ಡ ಸಾಕ್ಷಿ ಬೇಡ. ದನಗಳ ನೋವಿಗೆ ಡೈಕ್ಲೊಫೆನಾಕ್ ಕೊಡುತ್ತಿದ್ದರು. ದನ ಅದನ್ನು ತಡೆದುಕೊಳ್ಳುತ್ತಿತ್ತು. ಆ ದನ ಸತ್ತಾಗ ಹೆಣ ತಿಂದ ರಣಹದ್ದು ಕಿಡ್ನಿ ಕೆಟ್ಟು ಸಾಯುತ್ತಿತ್ತು. ನೂರಕ್ಕೆ 95ಕ್ಕಿಂತ ಜಾಸ್ತಿ ರಣಹದ್ದುಗಳು ನಾಶವಾದವು. ಕಾರಣ ಗೊತ್ತಾಗಿದ್ದು 2004ರಲ್ಲಿ. 2006ರಲ್ಲಿ ನಮ್ಮ ಸರ್ಕಾರ ದನಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿತು.

ಮನುಷ್ಯರ ವಿಷಯದಲ್ಲಿ ಬಾರ್ಡಾಕ್ಸೊಲೋನ್ ಅನ್ನುವ ಔಷಧಿಯ ಕತೆ ಇದೆ. ಅದು ಕೋಶದೊಳಗಿನ ರಕ್ಷಣಾ ವ್ಯವಸ್ಥೆಯನ್ನು ಎಬ್ಬಿಸುತ್ತದೆ. ನಮ್ಮಲ್ಲಿ ಗಿಡದ ಸಾರಗಳ ಬಗ್ಗೆ "ಆಂಟಿಆಕ್ಸಿಡೆಂಟ್" ಅಂತ ಬರೆಯುತ್ತಾರಲ್ಲ, ಅದೇ ದಾರಿ. ಮೊದಲ ಹಂತಗಳಲ್ಲಿ ಕಿಡ್ನಿ ಎಷ್ಟು ಸೋಸುತ್ತದೆ ಎಂಬ ಲೆಕ್ಕ ಚೆನ್ನಾಗಿ ಏರಿತು. ಆಮೇಲೆ 2,185 ರೋಗಿಗಳ ದೊಡ್ಡ ಪ್ರಯೋಗ ಶುರುವಾಯಿತು. ಔಷಧಿ ತೆಗೆದುಕೊಂಡವರಲ್ಲಿ ಹಾರ್ಟ್ ಫೇಲ್ಯೂರ್ ಜಾಸ್ತಿ ಆಗಿದ್ದರಿಂದ 2012ರಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು.

ವಿಟಮಿನ್ ಕೂಡ ಹಾಗೇ. ಶುಗರಿನಿಂದ ಕಿಡ್ನಿ ಕೆಟ್ಟವರಿಗೆ ಬಿ ವಿಟಮಿನ್‌ಗಳನ್ನು ಜಾಸ್ತಿ ಪ್ರಮಾಣದಲ್ಲಿ ಕೊಟ್ಟು ನೋಡಿದ ಕೆನಡಾದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ವಿಟಮಿನ್ ತೆಗೆದುಕೊಂಡವರ ಕಿಡ್ನಿ ಇನ್ನೂ ಬೇಗ ಕುಸಿದಿತ್ತು.

ಹಾಗಾದರೆ ಲ್ಯಾಬಿನಿಂದ ಬಂದು ನಿಜವಾಗಿ ಜನರ ಕಿಡ್ನಿ ಉಳಿಸಿದ್ದು ಏನಾದರೂ ಇದೆಯಾ?

ಇದೆ, ನಿಮ್ಮ ಮನೆಯ ಮಾತ್ರೆ ಡಬ್ಬದಲ್ಲೇ ಇರಬಹುದು.

ಬ್ರೆಜಿಲ್ ದೇಶದಲ್ಲಿ ಜರಾರಾಕಾ ಅನ್ನುವ ಮಂಡಲ ಜಾತಿಯ ಹಾವಿದೆ. ಅದು ಕಚ್ಚಿದರೆ ಬಿಪಿ ಕುಸಿಯುತ್ತದೆ. ಅಲ್ಲಿನ ವಿಜ್ಞಾನಿ ಸೆರ್ಜಿಯೊ ಫೆರೇರಾ 1960ರ ದಶಕದಲ್ಲಿ ಅದರ ವಿಷದಲ್ಲಿ ಒಂದು ಅಂಶ ಕಂಡುಹಿಡಿದರು. ಅದನ್ನು ಹಿಡಿದುಕೊಂಡು ಅಮೆರಿಕದ ಕಂಪನಿಯೊಂದರ ಕುಶ್ಮನ್, ಒಂಡೆಟ್ಟಿ ಎಂಬ ಇಬ್ಬರು ನುಂಗುವ ಮಾತ್ರೆ ಮಾಡಿದರು. ಅದು ಕ್ಯಾಪ್ಟೊಪ್ರಿಲ್. 1981ರಲ್ಲಿ ಬಿಪಿಗೆ ಒಪ್ಪಿಗೆ ಸಿಕ್ಕಿತು.

ಅದೇ ಹೊತ್ತಿಗೆ ಅಮೆರಿಕದಲ್ಲಿ ಬ್ಯಾರಿ ಬ್ರೆನ್ನರ್ ಮತ್ತು ಜೊತೆಯವರು ಇಲಿಯ ಕಿಡ್ನಿಯ ಬಹುಭಾಗ ತೆಗೆದು, ಉಳಿದ ಚೂರಿನಲ್ಲಿ ಏನಾಗುತ್ತದೆ ಅಂತ ನೋಡುತ್ತಿದ್ದರು. ಉಳಿದ ಸೋಸುವ ಘಟಕಗಳ ಒಳಗೆ ಒತ್ತಡ ಏರಿ, ಅವೂ ಒಂದೊಂದಾಗಿ ಸಾಯುತ್ತಿದ್ದವು. ಕ್ಯಾಪ್ಟೊಪ್ರಿಲ್ ಗುಂಪಿನ ಔಷಧಿ ಕೊಟ್ಟಾಗ ರಕ್ತ ಹೊರಗೆ ಹೋಗುವ ನಾಳ ಸಡಿಲವಾಗಿ ಒಳಗಿನ ಒತ್ತಡ ಇಳಿಯಿತು, ಘಟಕ ಉಳಿಯಿತು. ಮನುಷ್ಯರಲ್ಲಿ ಪುರಾವೆ 1993ರಲ್ಲಿ ಬಂತು. ಟೈಪ್ 1 ಶುಗರ್ ಇದ್ದ 409 ಜನರಲ್ಲಿ, ಕ್ರಿಯಾಟಿನಿನ್ ಎರಡು ಪಟ್ಟಾಗುವ ಅಪಾಯ ಕ್ಯಾಪ್ಟೊಪ್ರಿಲ್‌ನಿಂದ ನೂರಕ್ಕೆ 48ರಷ್ಟು ಕಡಿಮೆಯಾಗಿತ್ತು. ಇವತ್ತಿನ ಎನಲಾಪ್ರಿಲ್, ರಾಮಿಪ್ರಿಲ್ ಅದೇ ಮನೆತನದವು. ಲೊಸಾರ್ಟಾನ್, ಟೆಲ್ಮಿಸಾರ್ಟಾನ್ ರಕ್ತನಾಳ ಬಿಗಿಯಾಗುವ ಅದೇ ದಾರಿಯನ್ನು ಒಂದು ಹೆಜ್ಜೆ ಮುಂದೆ ತಡೆಯುತ್ತವೆ. ನಮ್ಮ ಹೊಲಗಳ ಕೊಳಕುಮಂಡಲ ಕಚ್ಚಿದವರ ಕಿಡ್ನಿ ನಿಂತುಹೋಗುವುದನ್ನು ಈ ಭಾಗದ ಆಸ್ಪತ್ರೆಗಳು ನೋಡುತ್ತಲೇ ಇರುತ್ತವೆ. ಇನ್ನೊಂದು ಮಂಡಲದ ವಿಷವೇ ಕಿಡ್ನಿ ಕಾಯುವ ಮಾತ್ರೆಗೆ ದಾರಿ ತೋರಿಸಿತು ಅನ್ನುವುದು ನನಗೆ ಇವತ್ತಿಗೂ ಬೆರಗು.

ಎರಡನೆಯದು ಸೇಬಿನ ಮರದ ಕತೆ. 1835ರಲ್ಲಿ ಸೇಬಿನ ಮರದ ಬೇರಿನ ತೊಗಟೆಯಿಂದ ಫ್ಲೋರಿಜಿನ್ ಅನ್ನುವ ಕಹಿ ವಸ್ತು ತೆಗೆದರು. ಅದು ಮೂತ್ರದಲ್ಲಿ ಸಕ್ಕರೆ ಹೋಗುವಂತೆ ಮಾಡುತ್ತದೆ ಅಂತ ಆಮೇಲೆ ಗೊತ್ತಾಯಿತು. ಹಾಗೇ ನುಂಗಿದರೆ ಮೈಗೆ ಹಿಡಿಯುವುದಿಲ್ಲ, ಕರುಳಿಗೂ ತೊಂದರೆ. ರಸಾಯನಶಾಸ್ತ್ರಜ್ಞರು ಅದರ ರಚನೆ ಬದಲಿಸುತ್ತಾ ಹೋಗಿ ಡಾಪಾಗ್ಲಿಫ್ಲೋಜಿನ್ ತನಕ ಬಂದರು. 2020ರಲ್ಲಿ 4,304 ಕಿಡ್ನಿ ರೋಗಿಗಳ ಪ್ರಯೋಗದಲ್ಲಿ, ಕಿಡ್ನಿ ತೀರಾ ಕುಸಿಯುವ, ಅಥವಾ ಕಿಡ್ನಿ ಇಲ್ಲವೇ ಹೃದಯ, ರಕ್ತನಾಳದ ತೊಂದರೆಯಿಂದ ಸಾಯುವ ಅಪಾಯ ನೂರಕ್ಕೆ 39ರಷ್ಟು ಇಳಿಯಿತು. ಶುಗರ್ ಇಲ್ಲದವರಿಗೂ ಲಾಭವಾಯಿತು. ಅದೇ ವರ್ಷ ನಮ್ಮಲ್ಲಿ ಅದರ ಮೊದಲ ಪೇಟೆಂಟ್ ಮುಗಿಯಿತು, ಆಮೇಲೆ ದರ ಬಿದ್ದಿತು. ತೊಗಟೆಯಿಂದ ಇಲ್ಲಿಯ ತನಕ 185 ವರ್ಷ.

ಈಚೆಗೆ ಫಿನೆರೆನೋನ್, ಸೆಮಾಗ್ಲುಟೈಡ್ ಕೂಡ ದೊಡ್ಡ ಪ್ರಯೋಗಗಳಲ್ಲಿ ಕಿಡ್ನಿಗೆ ಒಳ್ಳೆಯದು ಮಾಡಿವೆ. ಯಾರಿಗೆ ಯಾವುದು ಎಂಬುದು ಡಾಕ್ಟರ ತೀರ್ಮಾನ.

ಕೊಮ್ಮೆ, ನೆಗ್ಗಿಲು, ಅರಿಶಿನ ಕಿಡ್ನಿಗೆ ಒಳ್ಳೆಯದು ಅಂತ ಸಂಶೋಧನೆಯಾಗಿದೆಯಂತೆ. ಕಷಾಯ ಮಾಡಿ ಕುಡಿಯಬಹುದಾ?

ಇಲಿಗಳಲ್ಲಿ ಆಗಿದೆ, ನಿಜ. ಕೊಮ್ಮೆ ಗಿಡ ಅಂದರೆ ಆಯುರ್ವೇದದ ಪುನರ್ನವ, ಬಾವು ಇಳಿಸಲು ಬಹಳ ಹಿಂದಿನಿಂದ ಬಳಸಿದ್ದಾರೆ. ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಸೋತವರ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯವೇ ನಿಲ್ಲಬಹುದು. ಕಿಡ್ನಿಗೆ ಅಂತ ಕುಡಿದದ್ದು ಹೃದಯಕ್ಕೆ ಮುಳುವಾಗುತ್ತದೆ.

ಪ್ರಮಾಣದ ಲೆಕ್ಕವನ್ನೂ ನೋಡಿ. ಇಲಿಗೆ ಕೆಜಿಗೆ 200 ಮಿಲಿಗ್ರಾಂ ಸಾರ ಕೊಟ್ಟರು ಅಂದುಕೊಳ್ಳಿ. ಅದನ್ನು ಮನುಷ್ಯರ ಲೆಕ್ಕಕ್ಕೆ ತರಲು ಸುಮಾರು ಆರರಿಂದ ಭಾಗಿಸುತ್ತೇವೆ. 60 ಕೆಜಿ ತೂಕದವರಿಗೆ ಹತ್ತಿರ ಹತ್ತಿರ ಎರಡು ಗ್ರಾಂ ಗಟ್ಟಿ ಸಾರ ಬೇಕು. ನೂರು ಗ್ರಾಂ ಒಣಪುಡಿಯಿಂದ ಹತ್ತು ಗ್ರಾಂ ಸಾರ ಬಂದರೆ, ದಿನಕ್ಕೆ 20 ಗ್ರಾಂ ಪುಡಿ ಆಯಿತು. ಅದೂ ಲ್ಯಾಬಿನಲ್ಲಿ ಆಲ್ಕೋಹಾಲಿನಲ್ಲಿ ತೆಗೆದ ಸಾರ. ನೀವು ನೀರಿನಲ್ಲಿ ಕುದಿಸಿದರೆ ಬರುವ ಅಂಶಗಳೇ ಬೇರೆ.

ಅರಿಶಿನದ ಕರ್ಕ್ಯುಮಿನ್ ಮೈಗೆ ಹತ್ತುವುದು ಬಹಳ ಕಡಿಮೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಎರಡು ಗ್ರಾಂ ಬರೀ ಕರ್ಕ್ಯುಮಿನ್ ನುಂಗಿದವರ ರಕ್ತದಲ್ಲಿ ಅದು ಸಿಗಲೇ ಇಲ್ಲ ಅನ್ನುವಷ್ಟು ಕಡಿಮೆ ಇತ್ತು. ಕಾಳುಮೆಣಸಿನ ಪೈಪರಿನ್ ಜೊತೆ ಕೊಟ್ಟಾಗ ಸುಮಾರು 20 ಪಟ್ಟು ಏರಿತು. ಹಾಗಂತ ಅರಿಶಿನದ ಕ್ಯಾಪ್ಸೂಲ್ ತಿಂಗಳುಗಟ್ಟಲೆ ನುಂಗಬೇಡಿ. ಅರಿಶಿನದಲ್ಲಿ ಆಕ್ಸಲೇಟ್ ಇದೆ, ಅದು ಕಿಡ್ನಿಯಲ್ಲಿ ಹರಳುಗಟ್ಟಿ ಕೆಡಿಸಿದ ಪ್ರಕರಣಗಳು ವರದಿಯಾಗಿವೆ. ಪಲ್ಯಕ್ಕೆ, ಸಾರಿಗೆ ಹಾಕುವ ಅರಿಶಿನಕ್ಕೆ ಭಯ ಬೇಡ.

ಗಿಡದ ಔಷಧಿಗೆ ಸೈಡ್ ಎಫೆಕ್ಟ್ ಇಲ್ಲ ಅಂತಾರಲ್ಲ?

ಈಶ್ವರಿ ಬಳ್ಳಿಯ ಹೆಸರು ಕೇಳಿರುತ್ತೀರಿ. ಹಾವು ಕಡಿತಕ್ಕೆ ಅಂತ ಹಳ್ಳಿಗಳಲ್ಲಿ ಅದರ ಬೇರು ಇಟ್ಟುಕೊಂಡಿರುತ್ತಾರೆ. ಆ ಜಾತಿಯ ಗಿಡಗಳಲ್ಲಿ ಅರಿಸ್ಟೊಲೋಕಿಕ್ ಆಸಿಡ್ ಇದೆ. ಬೆಲ್ಜಿಯಂ ದೇಶದಲ್ಲಿ 1990ರ ದಶಕದ ಆರಂಭದಲ್ಲಿ ತೂಕ ಇಳಿಸುವ ಚಿಕಿತ್ಸೆಗೆ ಹೋದ ಹೆಂಗಸರಿಗೆ ಕೊಟ್ಟ ಗಿಡದ ಪುಡಿಯಲ್ಲಿ ಈ ಜಾತಿಯದು ಸೇರಿಹೋಗಿತ್ತು. ಎಷ್ಟೋ ಜನರ ಕಿಡ್ನಿ ಪೂರ್ತಿ ಹಾಳಾಯಿತು. ಕೆಲವರಿಗೆ ಮೂತ್ರದ ದಾರಿಯಲ್ಲಿ ಕ್ಯಾನ್ಸರ್ ಕೂಡ ಬಂತು. ಈ ಬಳ್ಳಿಯನ್ನು ದಯವಿಟ್ಟು ಹೊಟ್ಟೆಗೆ ಕೊಡಬೇಡಿ. ಹಾವು ಕಚ್ಚಿದರೆ ಸೀದಾ ಆಸ್ಪತ್ರೆ.

ಕಿಡ್ನಿ ಕಾಯಿಲೆ ಇದ್ದವರು ಕಮರಾಕ್ಷಿ ಹಣ್ಣನ್ನೂ ಮುಟ್ಟಬಾರದು. ಅದರಲ್ಲಿರುವ ವಿಷ ಮೆದುಳಿಗೆ ಏರುತ್ತದೆ. ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್ ತನಕ ಹೋಗಬಹುದು.

ನಮ್ಮದು ಮುಂಡರಗಿ ಕಡೆ. ಬೋರಿನ ನೀರಿನ ಫ್ಲೋರೈಡ್ ಕಿಡ್ನಿಗೂ ತೊಂದರೆನಾ?

ಫ್ಲೋರೈಡ್ ಮೈಯಿಂದ ಹೊರಹೋಗುವುದು ಹೆಚ್ಚಾಗಿ ಕಿಡ್ನಿ ಮೂಲಕವೇ. ಕಿಡ್ನಿ ಸೋತಿದ್ದರೆ ಅದು ಮೈಯಲ್ಲೇ ಉಳಿದು ಮೂಳೆ ಸೇರುತ್ತದೆ. ಇಲಿಗಳಿಗೆ ಜಾಸ್ತಿ ಫ್ಲೋರೈಡ್ ಕೊಟ್ಟಾಗ ಕಿಡ್ನಿಯ ಕೋಶಗಳು ಕೆಡುವುದೂ ಕಂಡಿದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ 1.5ರ ತನಕ ಅನ್ನುತ್ತದೆ ನಮ್ಮ ದೇಶದ ಮಾನದಂಡ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಆರ್‌ಒ ಘಟಕದ ನೀರು ಅಥವಾ ಶುದ್ಧ ಮಾಡಿದ ಹೊಳೆ ನೀರು ಕುಡಿಯಿರಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯವರು ಹುಡುಗರಿಗೆ ದಿನಾ ಹುಣಸೆಹಣ್ಣು ಕೊಟ್ಟು ನೋಡಿದಾಗ ಮೂತ್ರದಲ್ಲಿ ಫ್ಲೋರೈಡ್ ಜಾಸ್ತಿ ಹೊರಬಂದಿತ್ತು. ಚೆಂದದ ಕೆಲಸ ಅದು, ನಮ್ಮ ಅಡುಗೆಗೆ ಹತ್ತಿರದ್ದು. ಆದರೆ ಆ ಹುಡುಗರ ಕಿಡ್ನಿ ಚೆನ್ನಾಗಿತ್ತು. ಕಿಡ್ನಿ ರೋಗಿಗೆ ಹುಣಸೆಯೇ ಮದ್ದು ಅನ್ನಲು ಅದು ಸಾಲದು.

"ಕಿಡ್ನಿ ಕಾಯಿಲೆಗೆ ಔಷಧಿ ಕಂಡುಹಿಡಿದ ಪ್ರಾಧ್ಯಾಪಕ" ಅಂತ ಪೇಪರಿನಲ್ಲಿ ಬಂದರೆ ಏನು ನೋಡಬೇಕು?

ಮೊದಲು ಯಾರ ಮೇಲೆ ಅಂತ ನೋಡಿ. ಕೋಶನಾ, ಇಲಿನಾ, ಮನುಷ್ಯರಾ? ಆಮೇಲೆ ಗುಂಪಿನಲ್ಲಿ ಎಷ್ಟು ಇದ್ದವು ಅಂತ. ಕಾಲೇಜಿನ ಪ್ರಯೋಗದಲ್ಲಿ ಸಾಮಾನ್ಯವಾಗಿ ಗುಂಪಿಗೆ ಆರು ಇಲಿ. ಔಷಧಿಯನ್ನು ಪೆಟ್ಟು ಬೀಳುವ ಮೊದಲು ಕೊಟ್ಟರಾ, ಆಮೇಲೆ ಕೊಟ್ಟರಾ? ಈಗಾಗಲೇ ಇರುವ ಮಾತ್ರೆಯ ಜೊತೆ ಹೋಲಿಸಿದರಾ? ಕಿಡ್ನಿಯ ಸ್ಲೈಡ್ ನೋಡಿದವರಿಗೆ ಯಾವುದು ಯಾವ ಗುಂಪಿನದು ಅಂತ ಮೊದಲೇ ಗೊತ್ತಿತ್ತಾ? ಪೇಟೆಂಟ್ ಸಿಕ್ಕಿದೆ ಅಂದರೆ ಹೊಸದು ಅಂತ ಅರ್ಥ, ಕೆಲಸ ಮಾಡುತ್ತದೆ ಅಂತಲ್ಲ.

ಮಗಳು ಬಿ.ಫಾರ್ಮ್ ಓದುತ್ತಿದ್ದಾಳೆ. ಇಂಥ ಸಂಶೋಧನೆಗೆ ಹೋಗಬಹುದಾ?

ಖಂಡಿತ ಹೋಗಲಿ. ಎಂ.ಫಾರ್ಮ್‌ನಲ್ಲಿ ಫಾರ್ಮಕಾಲಜಿ ತೆಗೆದುಕೊಳ್ಳಲಿ, ಅಂಕಿಅಂಶ ಶಾಸ್ತ್ರವನ್ನು ಮನಸ್ಸಿಟ್ಟು ಕಲಿಯಲಿ. ಗಿಡ ಆರಿಸುವಾಗ ಸಸ್ಯಶಾಸ್ತ್ರ ಬಲ್ಲವರಿಂದ ಗುರುತು ಖಚಿತ ಮಾಡಿಸಲಿ. ಧಾರವಾಡದಲ್ಲೇ ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ ಎರಡೂ ಇವೆಯಲ್ಲ.

ಅದೆಲ್ಲ ಇರಲಿ, ನಾನು ಈಗ ಏನು ಮಾಡಬೇಕು?

ಶುಗರ್, ಬಿಪಿ ಇದ್ದರೆ ವರ್ಷಕ್ಕೊಮ್ಮೆ ಎರಡು ಟೆಸ್ಟ್. ರಕ್ತದ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್. ಎರಡನೆಯದನ್ನು ಬಹಳ ಜನ ಮಾಡಿಸುವುದೇ ಇಲ್ಲ. ಆದರೆ ಶುಗರ್ ಇದ್ದವರಲ್ಲಿ ಸಾಮಾನ್ಯವಾಗಿ ಮೊದಲು ಸುಳಿವು ಕೊಡುವುದು ಅದೇ. ಮೂತ್ರದ ವರದಿಯಲ್ಲಿ ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಆಲ್ಬುಮಿನ್ 30 ಮಿಲಿಗ್ರಾಂ ದಾಟಿದ್ದರೆ, ಮೂರು ತಿಂಗಳೊಳಗೆ ಮತ್ತೊಮ್ಮೆ ಮಾಡಿಸಿ ಡಾಕ್ಟರಿಗೆ ತೋರಿಸಿ.

ನೋವಿನ ಗುಳಿಗೆಯ ಬಗ್ಗೆ ನನಗೆ ನಿಜಕ್ಕೂ ಕಳವಳ ಇದೆ. ಹಾವೇರಿ ಕಡೆ ಮೆಣಸಿನಕಾಯಿ ಬಿಡಿಸುವ ಹಂಗಾಮಿನಲ್ಲಿ ಹೆಣ್ಣುಮಕ್ಕಳು ಬಿಸಿಲಲ್ಲಿ ಇಡೀ ದಿನ ಬಗ್ಗಿ ದುಡಿಯುತ್ತಾರೆ. ನೀರು ಕುಡಿಯುವುದು ಕಡಿಮೆ. ಸಂಜೆ ಸೊಂಟ ನೋವಿಗೆ ಅಂಗಡಿಯಿಂದ ಒಂದು ಗುಳಿಗೆ. ನೀರು ಕಡಿಮೆಯಾದಾಗ ಕಿಡ್ನಿ ತನ್ನ ರಕ್ತನಾಳವನ್ನು ತೆರೆದಿಟ್ಟುಕೊಳ್ಳಲು ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುವನ್ನು ನೆಚ್ಚಿಕೊಂಡಿರುತ್ತದೆ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಅದನ್ನೇ ತಡೆಯುತ್ತವೆ. ರಾಮಿಪ್ರಿಲ್, ಟೆಲ್ಮಿಸಾರ್ಟಾನ್‌ನಂಥ ಬಿಪಿ ಮಾತ್ರೆಯೂ ನಡೆದಿದ್ದರೆ ಪೆಟ್ಟು ಇನ್ನೂ ಜಾಸ್ತಿ. ಡಾಕ್ಟರು ಹೇಳದೆ ದಿನಾ ನುಂಗಬೇಡಿ.

ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚದಷ್ಟು. ರೊಟ್ಟಿ ಜೊತೆಯ ಉಪ್ಪಿನಕಾಯಿ, ಚಟ್ನಿಪುಡಿ, ಸಂಜೆಯ ಮಿರ್ಚಿ ಎಲ್ಲ ಆ ಲೆಕ್ಕದಲ್ಲೇ ಬರುತ್ತವೆ.

ಮನುಷ್ಯರ ಮೇಲಿನ ಪ್ರಯೋಗಕ್ಕೆ ಸೇರುತ್ತೀರಾ ಅಂತ ಆಸ್ಪತ್ರೆಯಲ್ಲಿ ಕೇಳಿದರು. ಸೇರಬಹುದಾ?

ಹೆದರಬೇಕಿಲ್ಲ, ಆದರೆ ಎಲ್ಲ ಕೇಳಿ ತಿಳಿದುಕೊಳ್ಳಿ. ಔಷಧಿ ಪ್ರಯೋಗಗಳನ್ನು ದೇಶದ ನೋಂದಣಿ ಪಟ್ಟಿ ಸಿಟಿಆರ್‌ಐನಲ್ಲಿ ದಾಖಲಿಸಬೇಕು. ಆ ನಂಬರ್ ಕೇಳಿ, ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಮನೆಗೆ ಒಯ್ದು, ಮಕ್ಕಳ ಕೈಲಿ ಓದಿಸಿ ಆಮೇಲೆ ಸಹಿ ಮಾಡಿ. ನಡುವೆ ಯಾವಾಗ ಬೇಕಾದರೂ ಬಿಟ್ಟು ಬರಬಹುದು, ಅದಕ್ಕಾಗಿ ನಿಮ್ಮ ಮಾಮೂಲಿ ಚಿಕಿತ್ಸೆಯನ್ನು ಯಾರೂ ನಿಲ್ಲಿಸುವಂತಿಲ್ಲ. ಹೊಸ ಔಷಧಿಯ ಪ್ರಯೋಗದಿಂದ ತೊಂದರೆಯಾದರೆ ಪುಕ್ಕಟೆ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು ಅಂತ 2019ರ ನಿಯಮಗಳಲ್ಲಿ ಇದೆ. ಪ್ರಯೋಗದ ಔಷಧಿಗೆ ನಿಮ್ಮಿಂದಲೇ ದುಡ್ಡು ಕೇಳಿದರೆ ಸಹಿ ಹಾಕಬೇಡಿ, ಆ ಆಸ್ಪತ್ರೆಯ ನೈತಿಕ ಸಮಿತಿಗೆ ತಿಳಿಸಿ. ಸಮಿತಿಯ ಫೋನ್ ನಂಬರ್ ಒಪ್ಪಿಗೆ ಪತ್ರದಲ್ಲೇ ಇರಬೇಕು.